ಬೆಳಿಗ್ಗೆ ಒಂದು, ರಾತ್ರಿ ಒಂದು

ಗಂಗಾವತಿ
8 ಜುಲೈ 2024

ಅವ್ವ,

ಬಸ್ ಕಂಡಕ್ಟರ್ ತಿರುಪತಿಯ ಕೈಯಲ್ಲಿ ಗುಳಿಗೆಯ ಡಬ್ಬಿ ಕಳಿಸಿದ್ದೇನೆ. ಅವನು ಕುಕನೂರಿನ ನಮ್ಮ ಓಣಿಯವನೇ ಆಗಿದ್ದು ಒಳ್ಳೆಯದಾಯಿತು. ಫೋನಿನಲ್ಲಿ ನಿನಗೆ ಏನೂ ಕೇಳಿಸುವುದಿಲ್ಲ. ನಾನು ದನಿ ಎತ್ತಿದರೆ ಕಾಲೇಜಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಹಾಗಾಗಿ ಇನ್ನು ಮೇಲೆ ತಿಂಗಳಿಗೊಂದು ಡಬ್ಬಿ, ಜೊತೆಗೊಂದು ಪತ್ರ. ನಿನಗೆ ಓದಿ ಹೇಳುವವರು ನಿಧಾನವಾಗಿ ಓದಲಿ.

ಕೊಪ್ಪಳದ ಡಾಕ್ಟರು ಹೇಳಿದ್ದು ನಿನಗೆ ಅರ್ಧ ಕೇಳಿಸಿತೋ ಇಲ್ಲವೋ, ಮತ್ತೆ ಬರೆಯುತ್ತೇನೆ. ನಿನ್ನ ಪಿತ್ತಕೋಶದಲ್ಲಿ ಐದಾರು ಸಣ್ಣ ಹರಳುಗಳಿವೆ. ದೊಡ್ಡದು ಎಂಟು ಮಿಲಿಮೀಟರ್. ಆಪರೇಷನ್ ಮಾಡಿ ಪಿತ್ತಕೋಶವನ್ನೇ ತೆಗೆಸುವುದು ಉತ್ತಮ ಎಂದು ಅವರು ಮೂರು ಸಲ ಹೇಳಿದರು. ನೀನು ಮೂರು ಸಲವೂ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದು, "ಚಾಕು ಒಂದು ಹಚ್ಚಬ್ಯಾಡ್ರಿ ಯಪ್ಪಾ, ಉಳಿದದ್ದು ಏನ್ ಕೊಟ್ರೂ ನುಂಗ್ತೀನಿ" ಅಂದೆ. ನಾನೂ ನಿನ್ನ ಪರವಾಗಿಯೇ ಮಾತಾಡಿದೆ. ಅದು ಸರಿಯೋ ತಪ್ಪೋ, ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ಈ ಗುಳಿಗೆಯ ಹೆಸರು ಉದ್ದವಾಗಿದೆ, ಅರ್ಸೋಡಿಯಾಕ್ಸಿಕೋಲಿಕ್ ಆ್ಯಸಿಡ್. ಪಿತ್ತದಲ್ಲಿ ತಾನಾಗಿಯೇ ಒಂದಿಷ್ಟು ಇರುವ ಆಮ್ಲವಂತೆ. ಅದನ್ನೇ ಹೊರಗಿನಿಂದ ಹೆಚ್ಚಿಗೆ ಕೊಟ್ಟರೆ ಕೊಬ್ಬಿನಿಂದಾದ ಹರಳು ಹೊರಮೈಯಿಂದ ನಿಧಾನವಾಗಿ ಸವೆಯುತ್ತದೆ. ಪ್ರಮಾಣ ತೂಕದ ಮೇಲೆ. ಕಿಲೋ ಒಂದಕ್ಕೆ ಹತ್ತು ಮಿಲಿಗ್ರಾಂ. ನಿನ್ನದು ಅರವತ್ತು ಕಿಲೋ, ಅಂದರೆ ದಿನಕ್ಕೆ ಆರು ನೂರು. ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಒಂದು, ರಾತ್ರಿ ಉಂಡ ಮೇಲೆ ಒಂದು. ಕಡಿಮೆಯಾದರೆ ಹರಳಿಗೆ ಏನೂ ಆಗುವುದಿಲ್ಲ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್. ಕರಗುತ್ತಿದ್ದರೆ ವರ್ಷ, ಎರಡು ವರ್ಷ ನುಂಗಬೇಕು.

ಇನ್ನೊಂದು ಮಾತು. ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ಹಿಡಿದು ಬಿಡದೇ ಹೋದರೆ ಒಂದು ದಿನವೂ ಕಾಯಬಾರದು. ಓದುವವರು ಈ ಸಾಲನ್ನು ಎರಡು ಸಲ ಓದಲಿ.

ಗೋಡೆಗೆ ಒರಗಿಸಿಟ್ಟ ನಿನ್ನ ಸ್ಕ್ಯಾನಿನ ಕಪ್ಪು ಹಾಳೆಯನ್ನು ನೋಡುತ್ತ ಇದನ್ನು ಬರೆದಿದ್ದೇನೆ.

ನಿನ್ನ ಮಗಳು,
ಸುಕನ್ಯಾ


ಕುಕನೂರು
21 ಜುಲೈ 2024

ಮಗಳು ಸುಕನ್ಯಾಗ ನಿಮ್ಮವ್ವ ಮುದಕಮ್ಮ ಹೇಳಿ ಬರಸೋದು.

ಡಬ್ಬಿ ಮುಟ್ಟೈತಿ. ಪತ್ರಾನೂ ಮುಟ್ಟೈತಿ. ನನ್ನ ಎಡಗಿವಿಗೆ ಬಾಯಿ ಹಚ್ಚಿ ಒದರಿ ಓದಬೇಕಲ್ಲ, ಹಂಗಾಗಿ ನಿನ್ನ ಪತ್ರ ಓಣಿಗೆಲ್ಲಾ ಮುಟ್ಟೈತಿ. ನನ್ನ ಹೊಟ್ಟ್ಯಾಗ ಎಷ್ಟು ಹರಳು ಅದಾವ ಅನ್ನೋದು ಗಿರಣಿಯಾಂವಗೂ ಗೊತ್ತು. ನಿನ್ನಿ ಹಿಟ್ಟು ಬೀಸಾಕ ಹೋದ್ರ "ಯಮ್ಮಾ, ನಿಮ್ಮ ಹರಳನ್ನೂ ತರ್ರಿ, ಬೀಸಿ ಕೊಡ್ತೀನಿ" ಅಂದ, ಮೂಳ.

ನೀ ಏನೂ ಕಾಳಜಿ ಮಾಡಬ್ಯಾಡ. ದಿನಕ್ಕ ಎರಡು ಗುಳಗಿ, ಒಂದಿನಾನೂ ತಪ್ಪಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು, ಡಬ್ಬಿ ಖಾಲಿ ಆಗಾಕ ಹತ್ತೈತಿ.

ಆಪರೇಷನ್ ಬ್ಯಾಡ ಅಂದಿದ್ದಕ್ಕ ನೀ ನನ್ನ ಹೇಡಿ ಅನಬ್ಯಾಡ. ನಿಮ್ಮ ದೊಡ್ಡವ್ವ ಕಳಕಮ್ಮ ಆಪರೇಷನ್ನಿಗೆ ಹೋಗೋ ಮುಂದ ನನ್ನ ಕೈಯಾಗ ಕಿವ್ಯಾನ ಬೆಂಡ್ವಾಲಿ ಬಿಚ್ಚಿ ಕೊಟ್ಟು, "ಬಂದು ಇಸ್ಕೊಂತೀನಿ" ಅಂದಿದ್ಲು. ಆಮ್ಯಾಲ ಅವನ್ನ ಇಸ್ಕೊಳ್ಳಾಕ ಯಾರೂ ಬರಲಿಲ್ಲ. ನನಗ ಚಾಕುವಿನ ಅಂಜಿಕಿ ಇಲ್ಲ. ಒಳಗ ಕರಕೊಂಡು ಹೋಗಿ ಬಾಗಲಾ ಹಾಕ್ತಾರಲ್ಲ, ಆ ಬಾಗಲದ ಅಂಜಿಕಿ.

ಈ ಪತ್ರ ಬರಿಯೋ ಹುಲಿಗವ್ವ ಕೇಳಾಕ ಹತ್ಯಾಳ, ನಿನಗ ಶೇಂಗಾದ ಹಿಂಡಿ ಕಳಸ್ಲೇನು ಅಂತ. ಇದನ್ನ ಬರಿಬ್ಯಾಡ ಅಂದೆ, "ನೀ ಹೇಳಿದ್ದೆಲ್ಲಾ ಬರಿಯೋದ ನನ್ನ ಕೆಲಸ" ಅಂತಾಳ.

ನಿಮ್ಮವ್ವ,
ಮುದಕಮ್ಮ


ಗಂಗಾವತಿ
6 ಅಕ್ಟೋಬರ್ 2024

ಅವ್ವ,

ನಾಲ್ಕನೆಯ ಡಬ್ಬಿ ಇದು. ಹಿಂಡಿ ಬೇಡ, ಇಲ್ಲಿ ಸಿಗುತ್ತದೆ.

ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಕವಿತೆ ಓದಿಸುತ್ತಿದ್ದೇನೆ. ಎಷ್ಟು ಕವಿಗಳು ಕಲ್ಲನ್ನು ಕರಗಿಸಿದ್ದಾರೆ! ಒಂದು ಕಣ್ಣೀರಿಗೆ, ಒಂದು ಹಾಡಿಗೆ ಕರಗಿಬಿಡುತ್ತದೆ. ಎರಡು ವರ್ಷ, ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಯಾರೂ ಬರೆದಿಲ್ಲ. ನಿನ್ನೆ ಅಂಥ ಒಂದು ಸಾಲಿಗೆ ಅರ್ಥ ಹೇಳುತ್ತ ನಿಂತವಳು ನಡುವೆಯೇ ಪುಸ್ತಕ ಮುಚ್ಚಿಬಿಟ್ಟೆ. ಹುಡುಗಿಯರು ನಾನು ಭಾವುಕಳಾದೆ ಎಂದುಕೊಂಡರು. ನನಗೆ ಭಯವಾಗಿತ್ತು, ಅಷ್ಟೇ.

ನೋವು ಬಂದಿತ್ತೇ? ಏನು ಉಂಡಾಗ ಬಂತು, ಎಷ್ಟು ಹೊತ್ತು ಇತ್ತು? ಬರೆಸು. ಎಣ್ಣೆಯ ತಿಂಡಿ ಬೇಡ. ಹಬ್ಬದ ಉಪವಾಸವೂ ಬೇಡ.

ನಿನ್ನ ಮಗಳು,
ಸುಕನ್ಯಾ


ಕುಕನೂರು
12 ನವೆಂಬರ್ 2024

ಮಗಳು ಸುಕನ್ಯಾಗ ನಿಮ್ಮವ್ವ ಹೇಳಿ ಬರಸೋದು.

ದೀಪಾವಳಿ ಆದ ಮ್ಯಾಲ ಎರಡು ಸಲ ನೋವು ಬಂತು. ಕರಚಿಕಾಯಿ ಒಂದ ಒಂದು ತಿಂದಿದ್ದೆ. ನೀ ಬೈತಿ ಅಂತ ಗೊತ್ತು. ತಾಸೊತ್ತು ಇತ್ತು, ಆಮ್ಯಾಲ ಹೋತು.

ಡಾಕ್ಟರಿಗೆ ಒಂದು ಕೇಳಬೇಕಾಗೈತಿ. ಬಲಗಡಿ ಪಕ್ಕಡ್ಯಾಗ ಹಿಡಿದು ಬೆನ್ನಿಗೆ ಹೊಕ್ಕೈತಲ್ಲ, ಅದ ನೋವು, ಅದು ಬ್ಯಾರೆದವರಿಗೆ ಇದ್ರ ಇದ ಗುಳಗಿ ನಡಿತೈತೇನು? ನನ್ನ ಸಲುವಾಗಿ ಅಲ್ಲ. ಟೇಲರ್ ಮುಬಾಶಿರಾ ಅದಾಳಲ್ಲ, ಆಕಿ ಅತ್ತಿಗೆ ಹಂಗ ಆಗತೈತಂತ.

ಈ ಸಲ ಅಕ್ಷರ ಸೊಟ್ಟ ಬಂದಾವ. ಹುಲಿಗವ್ವ ಬೀಜದ ಹತ್ತಿ ಹೊಲಕ್ಕ ಕ್ರಾಸಿಂಗ್ ಮಾಡಾಕ, ಒಂದು ಹೂವಿನ ಪುಡಿ ಇನ್ನೊಂದಕ್ಕ ಹಚ್ಚಾಕ, ಹೊಂಟಾಳ. ದಿನಾ ಸಾವಿರ ಹೂವು ಸುಲದು ಬೆರಳು ಸೋತಾವ ಅಂತಾಳ. ಇರಬೇಕು.

ನಿಮ್ಮವ್ವ,
ಮುದಕಮ್ಮ


ಗಂಗಾವತಿ
20 ನವೆಂಬರ್ 2024

ಅವ್ವ,

ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಸ್ಕ್ಯಾನ್ ಮಾಡಿಸದೆ ಯಾರೂ ಈ ಗುಳಿಗೆ ನುಂಗಬಾರದು. ಎಲ್ಲ ಹರಳೂ ಇದಕ್ಕೆ ಕರಗುವುದಿಲ್ಲ. ಸುಣ್ಣ ಸೇರಿ ಗಟ್ಟಿಯಾದದ್ದು ಕರಗುವುದಿಲ್ಲ, ನಾಳದಲ್ಲಿ ಸಿಕ್ಕಿಕೊಂಡದ್ದಕ್ಕೆ ಇದು ಮದ್ದೇ ಅಲ್ಲ. ಮುಬಾಶಿರಾಳ ಅತ್ತೆಯನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋಗಲು ಹೇಳು. ನಿನ್ನ ಡಬ್ಬಿಯಿಂದ ಒಂದನ್ನೂ ಕೊಡಬೇಡ.

ಇನ್ನು ಏಳು ವಾರಕ್ಕೆ ಸ್ಕ್ಯಾನ್. ಬಾಯಲ್ಲಿ ಏನೋ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತುತ್ತೇನೆ, ಇಳಿಯುತ್ತೇನೆ. ದೇವರ ಹೆಸರೋ ಎಂದು ಗಮನಿಸಿದರೆ, "ಎಂಟು, ಏಳು, ಆರು" ಅನ್ನುತ್ತಿರುತ್ತೇನೆ.

ನಿನ್ನ ಮಗಳು,
ಸುಕನ್ಯಾ


ಗಂಗಾವತಿ
11 ಜನವರಿ 2025

ಅವ್ವ,

ಮೊನ್ನೆ ಕೊಪ್ಪಳದಲ್ಲಿ ಸ್ಕ್ಯಾನ್ ಆದ ಮೇಲೆ ಅದರ ಸುದ್ದಿ ಬರೆದೇ ತಿಳಿಸೋಣ ಎಂದು ನಿನ್ನನ್ನು ಬಸ್ಸು ಹತ್ತಿಸಿದೆ. ಆ ಗದ್ದಲದಲ್ಲಿ ಒದರಿ ಹೇಳುವ ಮಾತಾಗಿರಲಿಲ್ಲ.

ಹರಳು ಕರಗಿಲ್ಲ. ಎಂಟಿದ್ದದ್ದು ಒಂಬತ್ತಾಗಿದೆ. ಡಾಕ್ಟರು ಎರಡೂ ಹಾಳೆಗಳನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. "ನಿಮ್ಮ ತಾಯಿಯವರು ಗುಳಿಗೆ ನುಂಗ್ತಿರೋದು ಖರೇನಾ ಮೇಡಂ?" ಎಂದು ಕೇಳಿದರು. ಖಾಲಿ ಡಬ್ಬಿಗಳನ್ನು ನಾನೇ ಎಣಿಸಿದ್ದೇನೆ ಅಂದೆ. "ಹಂಗಾದ್ರ ಇನ್ನು ಎರಡು ತಿಂಗಳು. ಅಷ್ಟ. ಆಮೇಲೆ ಆಪರೇಷನ್ನೇ" ಅಂದರು.

ಅವ್ವನಿಗೆ ಓದುವುದನ್ನು ಇಲ್ಲಿಗೆ ನಿಲ್ಲಿಸಬೇಕು. ಮುಂದಿನ ಸಾಲುಗಳು ಓದುತ್ತಿರುವವರಿಗೆ.

ಆ ಮನೆಯಲ್ಲಿ ಡಬ್ಬಿಯನ್ನು ಕೈಗೆತ್ತಿಕೊಂಡು ಕೊಡುವವರು ನೀವು. ಮೂವತ್ತಾರು ವರ್ಷದ ಹಿಂದೆ ಅಪ್ಪ ನಿಮ್ಮನ್ನು ಕರೆದುಕೊಂಡು ಬಂದ ದಿನದಿಂದ ನಮ್ಮವ್ವನದೆಲ್ಲ ಅರ್ಧವಾಗಿದೆ. ನಾನು ಹನ್ನೆರಡರ ಹುಡುಗಿ, ನೋಡುತ್ತ ನಿಂತಿದ್ದೆ. ಉಳಿದಿರುವ ಅರ್ಧವನ್ನಾದರೂ ಬದುಕಲು ಬಿಡಿ. ಗುಳಿಗೆಗಳು ಎಲ್ಲಿ ಹೋಗುತ್ತಿವೆ?

ಸುಕನ್ಯಾ


ಕುಕನೂರು
19 ಜನವರಿ 2025

ಸುಕನ್ಯಾ,

ನಿನಗ ನೀ ಅನ್ನಬೇಕೋ ನೀವು ಅನ್ನಬೇಕೋ ತಿಳಿಲಿಲ್ಲ. ಹನ್ನೆರಡು ವರ್ಷದಾಕಿ ಇದ್ದಾಗ ನೀ ಅಂತಿದ್ದೆ. ಆಮ್ಯಾಲ ಮಾತಾಡಾಕ ಪ್ರಸಂಗ ಬರಲಿಲ್ಲ. ಹಂಗ ಬರಿತೀನಿ, ಸಿಟ್ಟಾಗಬ್ಯಾಡ. ಇದು ಅಕ್ಕ ಹೇಳಿ ಬರಸಿದ್ದಲ್ಲ. ನೀ ಬರದ ಆ ಸಾಲೂ ಅಕ್ಕಗ ಓದಿಲ್ಲ.

ಗುಳಗಿ ನಾ ನುಂಗೀನಿ.

ಪೂರಾ ಹೇಳ್ತೀನಿ. ನಿಮ್ಮಜ್ಜಿ ದುರಗಮ್ಮ ನಾ ಬಂದ ದಿವಸ ಮೊರದಾಗ ಜ್ವಾಳ ಸುರವಿ, ಕೈಲೆ ನಡುವ ಗೆರಿ ಕೊರದು, "ಈ ಮನ್ಯಾಗ ಬಂದದ್ದೆಲ್ಲಾ ಎರಡು ಪಾಲು. ಒಂದು ಕಡಿ ಒಂದು ಕಾಳು ಹೆಚ್ಚಾದ್ರೂ ಮನಿ ಒಡಿತೈತಿ" ಅಂದಿದ್ಲು. ನಿಮ್ಮಪ್ಪ ಹುಚ್ಚೀರಪ್ಪ ಒಂದು ಬಳಿ ಡಜನ್ ತಂದ್ರೂ ಆರು ಆರು. ಅಕ್ಕ ಆ ಗೆರಿ ಒಂದಿನಾನೂ ದಾಟಿಲ್ಲ. ಅತ್ತಿ ಸತ್ಲು, ಅಂವನೂ ಸತ್ತ, ಅಕ್ಕ ಮಾತ್ರ ಇನ್ನಾ ಪಾಲು ಮಾಡ್ತಾಳ.

ನನಗೂ ಅದ ನೋವು, ಹೋದ ವರ್ಷದಿಂದ. ಮೊದಲನೇ ಡಬ್ಬಿ ಬಂದ ದಿವಸ ಅಕ್ಕ ಬೆಳಗಿಂದು ತಾ ನುಂಗಿದ್ಲು, ರಾತ್ರಿದು ನನ್ನ ಅಂಗೈಯಾಗ ಇಟ್ಲು. ನಾ ಒಲ್ಲೆ ಅಂದೆ. ನೀ ಬರದಿದ್ದೆಲ್ಲಾ ಒದರಿ ಹೇಳಿದೆ, ಅರ್ಧ ಆದ್ರ ನಡಿಯಂಗಿಲ್ಲಂತ, ತೂಕದ ಲೆಕ್ಕಂತ. ಅಕ್ಕ ಏನಂದ್ಲು ಗೊತ್ತೇನು? "ಗಂಡನ್ನ ಪಾಲು ಹಂಚಿಕೊಂಡಾಕಿ, ಗುಳಗಿ ಹಂಚಿಕೊಳ್ಳಾಕ ಏನ್ ಧಾಡಿ? ಅಂವ ಅರ್ಧ ಸಿಕ್ಕೂ ಬಾಳೇವು ಮಾಡ್ಲಿಲ್ಲೇನು?" ನಾ ನುಂಗೋತನ ತಾ ತುತ್ತು ಎತ್ತತಿದ್ದಿಲ್ಲ. ಮುಬಾಶಿರಾನ ಅತ್ತಿ ಅಂತ ಬರಸಿದ್ದು ನನ್ನ ಸಲುವಾಗಿ. ಆಕಿ ಅತ್ತಿ ಗಟ್ಟಿಮುಟ್ಟಿ ಅದಾಳ.

ತಪ್ಪು ನಂದು. ಓದಿದಾಕಿ ನಾನು, ತಿಳಿದಾಕಿ ನಾನು. ನಿನಗ ಒಂದು ಸಾಲು ಬರದಿದ್ರ ಮುಗಿತಿತ್ತು. ಆದ್ರ ಬರದ್ರ ನೀ ಡಬ್ಬಿ ಕಳಸೋದ ನಿಲ್ಲಸ್ತಿ, ಅಕ್ಕಗ ಇದ್ದದ್ದೂ ಹೊಕ್ಕೈತಿ ಅಂತ ಅಂಜಿದೆ. ಇನ್ನ ನುಂಗಂಗಿಲ್ಲ, ಹುಲಿಗೆಮ್ಮನಾಣಿ. ಎರಡೂ ಅಕ್ಕಗ ಕೊಡ್ತೀನಿ. ನನ್ನ ನೋವು ಹೋಗೇತಿ. ನನ್ನ ಚಿಂತಿ ಬಿಡು.

ಹುಲಿಗವ್ವ


ಗಂಗಾವತಿ
3 ಫೆಬ್ರವರಿ 2025

ಅವ್ವ,

ನನಗೆ ವಿಷಯ ತಿಳಿಯಿತು. ಅಜ್ಜಿಯ ಮೊರ ನನಗೂ ನೆನಪಿದೆ, ನಾನೇ ಊಹಿಸಬೇಕಿತ್ತು. ಹರಳು ಕರಗದೇ ಇದ್ದದ್ದಕ್ಕೆ ಕಾರಣ ಸಿಕ್ಕಿದ್ದು ಒಂದು ಲೆಕ್ಕಕ್ಕೆ ಸಮಾಧಾನ. ಮದ್ದು ಸೋತಿಲ್ಲ, ನಿನ್ನ ಹೊಟ್ಟೆಗೆ ಹೋಗಿಲ್ಲ. ಡಾಕ್ಟರು ಇಂದಿನಿಂದ ಆರು ತಿಂಗಳು ಹೊಸದಾಗಿ ಎಣಿಸಲು ಒಪ್ಪಿದ್ದಾರೆ. ಎರಡೂ ಗುಳಿಗೆ ನಿನ್ನದೇ. ಇದರಲ್ಲಿ ಪಾಲಿಲ್ಲ.

ಬೇರೆ ಯಾರಿಗಾದರೂ ನೋವಿದ್ದರೆ ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲಿ.

ನಿನ್ನ ಮಗಳು,
ಸುಕನ್ಯಾ


ಕುಕನೂರು
4 ಮಾರ್ಚ್ 2025

ಸುಕನ್ಯಾ,

ಅಕ್ಷರ ನೋಡಿ ಅಂಜಬ್ಯಾಡ. ನಾ ಆರಾಮ ಅದೀನಿ. ಇದನ್ನ ಮುಬಾಶಿರಾ ಬರಿಯಾಕ ಹತ್ಯಾಳ, ಆಕಿ ಹೊಲಗಿ ಮಷೀನಿನ ಮುಂದ ಕುಂತು ಹೇಳಾಕ ಹತ್ತೀನಿ. ನನ್ನ ಪತ್ರ ಎಲ್ಲಾ ಹುಲಿಗವ್ವನ ಕೈಯಾಗ ಬರಸ್ತೀನಲ್ಲ, ಹುಲಿಗವ್ವನ ಸುದ್ದಿ ಯಾರ ಕೈಯಾಗ ಬರಸ್ಲಿ?

ಆಕಿ ಕಣ್ಣು ಅರಿಶಿಣ ಆಗ್ಯಾವ. ನಾಲ್ಕು ದಿನ ಆತು. ಕೌದಿ ಮ್ಯಾಲ ಕೌದಿ ಹೊಚ್ಚಿದ್ರೂ ಗಡಗಡ ನಡಗ್ತಾಳ. ಆಮ್ಯಾಲ ಮೈ ಕಾದ ಹಂಚಾಗತೈತಿ. ಕೇಳಿದ್ರ ಬಿಸಲಾಗ ಹೂವು ಸುಲದು ಕಣ್ಣು ಕೆಟ್ಟಾವ ಅಂತಾಳ. ಮನಿಗೆ ಯಾರರ ಬಂದ್ರ ಗ್ವಾಡಿಕಡೆ ಮಾರಿ ಮಾಡಿ ಮಲಗ್ತಾಳ. ಆಸ್ಪತ್ರಿಗೆ ನಡಿ ಅಂದ್ರ "ನಿನ್ನ ಮಗಳು ನನ್ನ ಕಳ್ಳಿ ಅಂದಾಳ, ಇನ್ನ ಆಕಿಗೆ ಭಾರ ಆಗಂಗಿಲ್ಲ" ಅಂತ ನಿನ್ನಿ ಜ್ವರದಾಗ ಬಾಯಿಬಿಟ್ಲು. ನೀ ಏನ್ ಬರದಿದ್ದಿ, ನನಗ ಗೊತ್ತಿಲ್ಲ. ಕೇಳಂಗೂ ಇಲ್ಲ.

ನಾ ಒಂದು ತಪ್ಪು ಮಾಡೀನಿ. ನಾಲ್ಕು ದಿನದಿಂದ ನನ್ನ ಎರಡೂ ಗುಳಗಿ ಆಕಿ ಬಾಯಾಗ ಹಾಕೀನಿ. ಪಾಲು ಮಾಡಿ ಹರಳು ಕರಗಲಿಲ್ಲಲ್ಲ, ಆಕಿಗಾದ್ರೂ ಪೂರಾ ಸಿಗಲಿ ಅಂತ. ಕಣ್ಣು ಇನ್ನಾ ಹಳದಿ ಆದುವು. ನಾನ ಹಂಗ ಮಾಡಿದ್ನೇನು? ಹೇಳು ಸುಕನ್ಯಾ.

ಚಾಕು ಹಚ್ಚಲಿ, ಏನರ ಹಚ್ಚಲಿ. ಬಾ.

ನಿಮ್ಮವ್ವ

(ಅಕ್ಕಾವ್ರ, ನಾ ಮುಬಾಶಿರಾ. ನಾಳಿ ನೀವು ಈ ಪತ್ರ ಓದೋತನ ಕಾಯಬ್ಯಾಡ ಅಂತ ಇದರದೊಂದು ಫೋಟೋ ಹೊಡದು ಈಗ ನಿಮ್ಮ ಫೋನಿಗೆ ಕಳಸಾಕ ಹತ್ತೀನ್ರಿ. ಲಗೂನ ಬರ್ರಿ.)


ಹುಬ್ಬಳ್ಳಿ
6 ಮಾರ್ಚ್ 2025, ಬೆಳಿಗ್ಗೆ

ಅವ್ವ,

ಮುಬಾಶಿರಾಳ ಫೋನಿಗೆ ಇದರ ಫೋಟೋ ಕಳಿಸುತ್ತೇನೆ. ಅವಳು ನಿನ್ನ ಕಿವಿಯ ಹತ್ತಿರ ಓದುತ್ತಾಳೆ. ಓಣಿಗೆ ಕೇಳಿಸಿದರೂ ಕೇಳಿಸಲಿ.

ಆಂಬುಲೆನ್ಸಿನಲ್ಲಿ ಒಬ್ಬರಿಗೇ ಜಾಗ ಇತ್ತು, ಅದಕ್ಕೇ ನಿನ್ನನ್ನು ಬಾಗಿಲಲ್ಲಿ ಬಿಟ್ಟು ಬಂದೆ. ಕೊಪ್ಪಳದಲ್ಲಿ ಒಂದು ತಾಸೂ ಇಟ್ಟುಕೊಳ್ಳದೆ ಇಲ್ಲಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹರಳೊಂದು ಪಿತ್ತಕೋಶದಿಂದ ಜಾರಿ ನಾಳದಲ್ಲಿ ಸಿಕ್ಕಿಕೊಂಡಿದೆ. ಪಿತ್ತ ಇಳಿಯಲು ದಾರಿಯಿಲ್ಲದೆ ಮೈಗೆ ಏರಿದೆ, ಸೋಂಕು ರಕ್ತಕ್ಕೆ ಸೇರಿದೆ. ನೀನು ಕೊಟ್ಟ ಗುಳಿಗೆಯಿಂದ ಕಣ್ಣು ಹಳದಿಯಾದದ್ದಲ್ಲ. ಮೊದಲು ಅದನ್ನೇ ಕೇಳಿದೆ. ಆದರೆ ನಾಳ ಕಟ್ಟಿದ ಮೇಲೆ ಆ ಗುಳಿಗೆ ಎಷ್ಟು ಕೊಟ್ಟರೂ ಏನೂ ಉಪಯೋಗವಿರಲಿಲ್ಲ, ಕೊಡಲೂಬಾರದಿತ್ತು. ಕಳೆದುಹೋದದ್ದು ನಾಲ್ಕು ದಿನ. ಅದರ ಲೆಕ್ಕ ನಿನ್ನ ಮೇಲಿಲ್ಲ. ನನ್ನ ಎರಡು ಪತ್ರಗಳ ಮೇಲಿದೆ.

ಇಂದು ಹತ್ತಕ್ಕೆ ಬಾಯಿಯಿಂದ ಕೊಳವೆ ಇಳಿಸಿ ಆ ಹರಳನ್ನು ಹೊರಗೆ ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಆದರೆ ಬಿ.ಪಿ. ಇಳಿಯುತ್ತಲೇ ಇದೆ. "ತಡ ಮಾಡಿ ತಂದೀರಿ" ಎಂದರು ಡಾಕ್ಟರು.

ದಾರಿಯಲ್ಲಿ ಒಮ್ಮೆ ಕಣ್ಣು ತೆರೆದು, "ನನ್ನ ಸಲುವಾಗಿ ಸಾಲಿ ಬಿಟ್ಟು ಬಂದ್ಯೇನು?" ಎಂದು ಕೇಳಿದಳು. ಸಾಲಿ ಅಲ್ಲ, ಕಾಲೇಜು ಅಂದೆ. "ಅದ, ಸಾಲಿ" ಅಂದಳು. ಗದಗ ದಾಟುವವರೆಗೂ ನಾನು ಅವಳ ಕೈ ಹಿಡಿದಿದ್ದೆ. ಬೆರಳ ತುದಿಯೆಲ್ಲ ಒಡೆದು ಹೋಗಿವೆ. ಆ ಬೆರಳುಗಳ ಅಕ್ಷರ ನನಗೆ ಗೊತ್ತಿತ್ತು, ಬೆರಳು ಗೊತ್ತಿರಲಿಲ್ಲ.

ಈಗ ಎಚ್ಚರವಿದ್ದಾಳೆ. ನಿನಗೆ ಏನೋ ಹೇಳಬೇಕಂತೆ. ಸಣ್ಣವ್ವ ಹೇಳುತ್ತಾಳೆ, ನಾನು ಬರೆಯುತ್ತೇನೆ.

ಅಕ್ಕ, ನಾ ಹುಲಿಗವ್ವ ಹೇಳಿ ಬರಸೋದು. ಇಲ್ಲೆ ನನ್ನ ತೂಗಿದ್ರು. ನಲವತ್ತೈದು ಕಿಲೋ. ನಿನ್ನ ಮುಂದ ನಾ ಅರ್ಧ ಪಾಲು ಅಲ್ಲ, ಮುಕ್ಕಾಲು ಪಾಲು ಆದೆ ನೋಡು. ಡಾಕ್ಟರ್ ಬೈದ್ರು, ಯಾರ ಹೇಳಿದ್ರು ಗುಳಗಿ ನುಂಗಾಕ ಅಂತ. ನಮ್ಮಕ್ಕ ಅಂದೆ. ನಿಮ್ಮಕ್ಕ ಏನ್ ಡಾಕ್ಟರೇನು ಅಂದ್ರು. ಡಾಕ್ಟರಿಗಿಂತ ಹೆಚ್ಚ್ರಿ ಅಂದೆ. ನಗಲಿಲ್ಲ ಆ ಮನಿಷಾ.

ಎರಡೂ ಗುಳಗಿ ನೀನ ನುಂಗು. ನಾ ಇಲ್ಲಂತ ನನ್ನ ಪಾಲು ತಗದಿಡಬ್ಯಾಡ. ತಗದಿಟ್ಟರ ನಿನ್ನ ಮಗಳು ಬಂದು ಮತ್ತ ಡಬ್ಬಿ ಎಣಸ್ತಾಳ. ಆಕಿ ಅಕ್ಷರ ಭಾಳ ಚಂದ ಅದಾವ, ಆದ್ರ ನಾ ಹೇಳಿದ್ದರಾಗ ಅರ್ಧ ಬಿಡಾಕ ಹತ್ಯಾಳ. ನೀ ಅಳಾಕ ಹತ್ತೀಯೇನವಾ ಅಂತ ಕೇಳಿದೆ, ಅದನ್ನ ಬರಿಲಿಲ್ಲ. ಈಗ ಬರದ್ಲು.

ಅಂಜಿಕಿ ಆಗೇತಿ ಅಕ್ಕ. ನಿನಗ ಸುಳ್ಳು ಯಾಕ ಹೇಳ್ಲಿ. ಕಳಕಮ್ಮಕ್ಕ ಹೋದಂಗ ನಾ ಹೋಗಂಗಿಲ್ಲ ಅಂತ ಮನಸಿಗೆ ಹೇಳಿಕೊಳ್ಳಾಕ ಹತ್ತೀನಿ. ಒಂದ ವ್ಯಾಳೆ ಹೋದ್ರ,

ಅಷ್ಟರಲ್ಲಿ ಕರೆಯಲು ಬಂದರು, ಅವ್ವ. ಮುಂದೆ ಏನು ಹೇಳುವವಳಿದ್ದಳೋ ನನಗೆ ಗೊತ್ತಿಲ್ಲ. ಗಾಲಿಮಂಚದ ಜೊತೆ ಬಾಗಿಲವರೆಗೆ ಹೋದೆ. ಹೇಳು ಸಣ್ಣವ್ವ ಅಂದೆ. ಬಾಯಿ ಅಲುಗಿತು, ಕೇಳಿಸಲಿಲ್ಲ.

ಹತ್ತೂ ಐದಕ್ಕೆ ಬಾಗಿಲು ಹಾಕಿದರು. ಈಗ ಹನ್ನೊಂದೂ ನಲವತ್ತು. ಮುಕ್ಕಾಲು ಗಂಟೆಯ ಕೆಲಸ ಅಂದಿದ್ದರು. ಎರಡು ಸಲ ನರ್ಸ್ ಓಡಿ ಹೊರಗೆ ಬಂದಳು, ಓಡಿ ಒಳಗೆ ಹೋದಳು. ನನ್ನ ಮುಖ ನೋಡಲಿಲ್ಲ.

ಇದನ್ನು ಮುಬಾಶಿರಾಳಿಗೆ ಇನ್ನೂ ಕಳಿಸಿಲ್ಲ. ಸಣ್ಣವ್ವನ ಆ ಅರ್ಧ ಸಾಲಿನ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು, ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದೇನೆ.

ಬರೆದುಕೊಳ್ಳುತ್ತಿರುವವಳು,
ಸುಕನ್ಯಾ